ಇ ಫ್ಲ್ಯಾಟಿನಲ್ಲಿ ಬಾರ್ ಕಾರ್ಡ್: ಮೂರನೆಯ ಫ್ರೆಟ್ ಬಿಡದ ಬೆರಳು

ನಮ್ಮ ತಂಡಕ್ಕೆ ಆಲ್ಟೊ ಸ್ಯಾಕ್ಸೊಫೋನ್ ನುಡಿಸುವವರು ಬಂದ ದಿನದಿಂದ ಗಿಟಾರ್ ಹಿಡಿಯುವ ನನ್ನ ಎಡಗೈಗೆ ಕೆಲಸ ಹೆಚ್ಚಾಯಿತು. ಅವರ ವಾದ್ಯದ ಸಿ ಎಂದರೆ ನಮ್ಮ ಇ ಫ್ಲ್ಯಾಟ್. ಅವರಿಗೆ ಸಲೀಸಾದ ಹಾಡುಗಳೆಲ್ಲ ನನಗೆ ಮೂರು ಫ್ಲ್ಯಾಟುಗಳ, ಅಂದರೆ ಅರ್ಧ ಮೆಟ್ಟಿಲು ಇಳಿದ ಮೂರು ಸ್ವರಗಳ, ಹಾಡುಗಳಾದವು. ಮೂರನೆಯ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಲೋಹದ ಅಡ್ಡಪಟ್ಟಿ, ಅದರ ಹಿಂದಿನ ಮನೆ) ಕ್ಯಾಪೊ, ಅಂದರೆ ತಂತಿಗಳನ್ನೆಲ್ಲ ಅಡ್ಡಲಾಗಿ ಒತ್ತುವ ಕ್ಲಿಪ್, ಹಾಕಿ ಸಿ ಆಕಾರಗಳನ್ನು ಹಿಡಿದರೆ ಮುಗಿಯಿತು ಎಂದರು ಒಬ್ಬರು. ಇಡೀ ಗಿಟಾರನ್ನು ಅರ್ಧ ಸ್ವರ ಇಳಿಸಿ ಇ ಕಾರ್ಡುಗಳನ್ನೇ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ನುಡಿಸಿ ಎಂದರು ಇನ್ನೊಬ್ಬರು. ಅಕೌಸ್ಟಿಕ್ ಗಿಟಾರಿನಲ್ಲಿ ಒಂದು ಗಂಟೆ ಇ ಫ್ಲ್ಯಾಟಿನ ಬಾರ್ ಕಾರ್ಡ್, ಅಂದರೆ ತೋರುಬೆರಳನ್ನು ತಂತಿಗಳಿಗೆ ಅಡ್ಡಲಾಗಿಟ್ಟು ಒತ್ತುವ ಕಾರ್ಡ್, ಹಿಡಿದರೆ ಕೈ ಉಳಿಯುವುದಿಲ್ಲ ಎಂಬುದು ಎಲ್ಲರ ಒಮ್ಮತ.

ಕ್ಯಾಪೊ ನನಗೆ ಒಗ್ಗಲಿಲ್ಲ. ಸ್ಯಾಕ್ಸೊಫೋನ್ ಜೊತೆ ನುಡಿಸುವಾಗ ಕಾರ್ಡ್ ಚುರುಕಾಗಿ ಹುಟ್ಟಿ ಅಷ್ಟೇ ಚುರುಕಾಗಿ ನಿಲ್ಲಬೇಕು. ಕ್ಯಾಪೊ ಹಾಕಿದರೆ ಬೆರಳಿಲ್ಲದ ತಂತಿಗಳು ಗುಂಯ್‌ಗುಡುತ್ತಲೇ ಇರುತ್ತವೆ. ಬಾರ್ ಕಾರ್ಡಿನಲ್ಲಾದರೆ ಬೆರಳನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಸಾಕು, ಆರೂ ತಂತಿ ಒಟ್ಟಿಗೆ ಬಾಯಿ ಮುಚ್ಚುತ್ತವೆ. ಆದರೂ ಶ್ರುತಿ ಕೆಡಿಸದ ಕ್ಯಾಪೊ ಸಿಕ್ಕೀತು ಎಂದು ಮೂರು ಕೊಂಡೆ. ಬೆರಳಿನ ಬಲಕ್ಕೆಂದು ಸ್ಪ್ರಿಂಗಿನ ಸಾಧನವೊಂದನ್ನು ತಂದೆ. ಅದರಿಂದ ಮುಂಗೈ ನೋವು ಬಂದು ಎರಡು ವಾರ ಗಿಟಾರ್ ಮುಟ್ಟಲಾಗಲಿಲ್ಲ. 12ರ ದಪ್ಪ ತಂತಿ ತೆಗೆದು ತೆಳುವಾದ 10ರದ್ದು ಹಾಕಿದೆ. ಒತ್ತುವುದು ಹಗುರವಾಯಿತು, ಆದರೆ ಬಲಗೈ ಸ್ವಲ್ಪ ಜೋರು ಮಾಡಿದರೂ ತಂತಿ ಫ್ರೆಟ್‌ಗೆ ಬಡಿಯುತ್ತಿತ್ತು. ಕೊನೆಗೆ ನಿಂತದ್ದು 11ರ ಮೇಲೆ. ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊರುವ ಪಟ್ಟಿ) ಸೀಳುಗಳನ್ನು ತಗ್ಗಿಸಲು ಕೊಟ್ಟರೆ ರಿಪೇರಿಯವರು ಅತಿಯಾಗಿ ಅರೆದರು. ಖಾಲಿ ತಂತಿಗಳೇ ಝೇಂಕರಿಸತೊಡಗಿ ಹೊಸ ನಟ್ ಹಾಕಿಸಬೇಕಾಯಿತು. ಎಲ್ಲ ಸೇರಿಸಿದರೆ ನನ್ನ ಮೊದಲ ಗಿಟಾರಿನ ಬೆಲೆಯ ಅರ್ಧಕ್ಕೂ ಮಿಕ್ಕಿದ ಖರ್ಚು. ಅದರಲ್ಲಿ ಸಾರ್ಥಕವಾದದ್ದು ಆ ಎರಡನೆಯ ನಟ್ ಒಂದೇ.

ನಿಜವಾದ ತಪ್ಪು ಇದ್ದದ್ದು ನಾನು ಕಾರ್ಡುಗಳನ್ನು ಹುಡುಕುತ್ತಿದ್ದ ಜಾಗದಲ್ಲಿ. ಎಫ್ ಮೈನರ್, ಬಿ ಫ್ಲ್ಯಾಟ್ ಎರಡನ್ನೂ ಒಂದನೆಯ ಫ್ರೆಟ್‌ನಲ್ಲಿ, ಇ ಫ್ಲ್ಯಾಟನ್ನು ಆರನೆಯದರಲ್ಲಿ ಹಿಡಿಯುತ್ತಿದ್ದೆ. ನಟ್‌ನ ಪಕ್ಕದಲ್ಲೇ ತಂತಿ ಒತ್ತುವುದು ಅತಿ ಕಷ್ಟ. ಅಲ್ಲಿಂದ ಆರಕ್ಕೆ ಹಾರಿ ಮತ್ತೆ ಒಂದಕ್ಕೆ ಇಳಿಯುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು.

ಒಂದು ಸಂಜೆ ಸುಮ್ಮನೆ ಮೂರನೆಯ ಫ್ರೆಟ್‌ಗೆ ಅಡ್ಡಲಾಗಿ ಬೆರಳಿಟ್ಟು ಒಂದೊಂದೇ ತಂತಿ ಮೀಟಿದೆ. ನಡುವಿನ ಮೂರು ತಂತಿಗಳು (ಅತಿ ತೆಳುವಾದದ್ದನ್ನು ಒಂದನೆಯದೆಂದು ಎಣಿಸಿದರೆ ನಾಲ್ಕು, ಮೂರು, ಎರಡನೆಯವು) ತಾವಾಗಿಯೇ ಬಿ ಫ್ಲ್ಯಾಟ್ ಎಂದವು. ಖಾಲಿ ಬಿಟ್ಟರೆ ಅವೇ ಮೂರು ಜಿ ಕಾರ್ಡ್. ಮೂರು ಫ್ರೆಟ್ ಮೇಲೆ ಬಿ ಫ್ಲ್ಯಾಟ್ ಆಗಲೇಬೇಕು. ಇಷ್ಟು ವರ್ಷ ಕಣ್ಣೆದುರಿಗೇ ಇತ್ತು! ಆ ಬೆರಳನ್ನು ಕದಲಿಸದೆ ಉಳಿದವನ್ನು ಹುಡುಕಿದೆ. ಜಿ ಮೈನರ್, ಸಿ ಮೈನರ್ ಹೇಗೂ ಅಲ್ಲೇ ಇವೆ. ಇ ಫ್ಲ್ಯಾಟಿಗೆ ಸಿ ಕಾರ್ಡಿನ ಆಕಾರ: ಐದನೆಯ ತಂತಿಯಿಂದ ಕೆಳಕ್ಕೆ ಫ್ರೆಟ್ 6, 5, 3, 4, 3. ಎಫ್ ಮೈನರಿಗೆ ಡಿ ಮೈನರ್ ಆಕಾರ: ನಾಲ್ಕನೆಯ ತಂತಿಯಿಂದ 3, 5, 6, 4. ಎ ಫ್ಲ್ಯಾಟ್ ಒಂದಕ್ಕೆ ಮಾತ್ರ ತೋರುಬೆರಳು ನಾಲ್ಕಕ್ಕೆ ಸರಿಯಬೇಕು. ಆರು ಕಾರ್ಡುಗಳಿಗೆ ಒಂದೇ ಫ್ರೆಟ್‌ನಷ್ಟು ಓಡಾಟ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಕಂಡುಕೊಂಡದ್ದು ಎಂಬ ಹೆಮ್ಮೆ ಈಗಲೂ ಇದೆ.

ಕೂಡಲೇ ಕೈಗೂಡಲಿಲ್ಲ. ಅತಿ ಹೆಚ್ಚು ಕಾಡಿದ್ದು ಜಿ ಮೈನರ್. ಅದರಲ್ಲಿ ತೋರುಬೆರಳೇ ಒತ್ತಬೇಕಾದ ತಂತಿಗಳು ಆರು, ಮೂರು, ಎರಡು, ಒಂದು. ಮೂರನೆಯ ತಂತಿ ಸರಿಯಾಗಿ ನನ್ನ ಬೆರಳಿನ ಗೆಣ್ಣಿನ ಗೆರೆಯೊಳಗೆ ಕೂತು ‘ಟಪ್’ ಎನ್ನುತ್ತಿತ್ತು. ಆ ಕಾರ್ಡಿನಲ್ಲಿ ಮೈನರ್ ಸ್ವರ ಇರುವುದು ಆ ತಂತಿಯಲ್ಲಿ ಮಾತ್ರ. ಅದು ಸತ್ತರೆ ಉಳಿದ ಐದು ಎಷ್ಟು ಚೆನ್ನಾಗಿ ನುಡಿದರೂ ಕಾರ್ಡ್ ಮೇಜರೂ ಅಲ್ಲ, ಮೈನರೂ ಅಲ್ಲ. ಇನ್ನಷ್ಟು ಒತ್ತಿದೆ, ಹೆಬ್ಬೆರಳು ಬಿಗಿದುಕೊಂಡಿತೇ ಹೊರತು ಸ್ವರ ಬರಲಿಲ್ಲ. ಬೆರಳನ್ನು ಮೂರು ನಾಲ್ಕು ಮಿಲಿಮೀಟರ್ ಮೇಲಕ್ಕೆ ಸರಿಸಿ, ಹೆಬ್ಬೆರಳಿನ ಕಡೆಯ ಗಟ್ಟಿ ಅಂಚಿನ ಮೇಲೆ ತುಸು ಹೊರಳಿಸಿದಾಗ ಅದೇ ತಂತಿ ಸ್ವಚ್ಛವಾಗಿ ನುಡಿಯಿತು. ಒತ್ತಡವನ್ನು ಹೆಬ್ಬೆರಳಿನಿಂದ ತೆಗೆದು ಮೊಣಕೈಗೆ ಕೊಟ್ಟೆ: ತೋಳಿನ ಭಾರವೇ ಗಿಟಾರಿನ ಕತ್ತನ್ನು ಹಿಂದಕ್ಕೆ ಎಳೆಯಬೇಕು.

ಅಭ್ಯಾಸವನ್ನು ಏಳನೆಯ ಫ್ರೆಟ್‌ನಿಂದ ಶುರುಮಾಡಿದೆ. ಮೊದಲ ಫ್ರೆಟ್‌ನ ಅಗಲ ಸುಮಾರು 36 ಮಿ.ಮೀ. ಇದ್ದರೆ ಏಳನೆಯದು 25–26. ಇ ಫ್ಲ್ಯಾಟಿನ ಆಕಾರಕ್ಕೆ ಕಿರುಬೆರಳು ಅಲ್ಲಿ ನಿರಾಯಾಸವಾಗಿ ಎಟಕುತ್ತದೆ. ವಾರಕ್ಕೊಂದು ಫ್ರೆಟ್‌ನಂತೆ ಇಳಿದು ಮೂರಕ್ಕೆ ಬಂದೆ. ದಿನಕ್ಕೆ ಇಪ್ಪತ್ತು ನಿಮಿಷ, ತಾಳ ಬಡಿಯುವ ಮೆಟ್ರೊನೋಮ್ ನಿಮಿಷಕ್ಕೆ 60ರಲ್ಲಿ. ನಾಲ್ಕನೆಯ ಫ್ರೆಟ್‌ನಲ್ಲಿ ಮಾತ್ರ ಎರಡು ವಾರ ಬೇಕಾಯಿತು.

ಇ ಫ್ಲ್ಯಾಟಿನಿಂದ ಬಿ ಫ್ಲ್ಯಾಟಿಗೆ ಹೋಗುವುದೇ ನನಗೆ ಅಚ್ಚುಮೆಚ್ಚು. ಉಂಗುರಬೆರಳೂ ಕಿರುಬೆರಳೂ ತಲಾ ಒಂದು ತಂತಿ ಮೇಲಕ್ಕೆ ಸರಿಯುತ್ತವೆ, ನಡುಬೆರಳು ಏಳುತ್ತದೆ, ಅಷ್ಟೇ. ಮೊದಲ ತಂತಿಯನ್ನು ನುಡಿಯಲು ಬಿಟ್ಟರೆ ಜಿ ಸ್ವರ ಸೇರಿ ಬಿ ಫ್ಲ್ಯಾಟ್ 6 ಆಗುತ್ತದೆ. ನಿಧಾನದ ಹಾಡುಗಳಲ್ಲಿ ಬೇಕೆಂದೇ ಬಿಡುತ್ತೇನೆ. ಸ್ಯಾಕ್ಸೊಫೋನಿನ ಕೆಳಗೆ ಅದು ತುಂಬಾ ಚೆಲುವಾಗಿ ಕೂರುತ್ತದೆ. ಇದೇ ಹುರುಪಿನಲ್ಲಿ ನೈಲಾನ್ ತಂತಿಯ ಗಿಟಾರಿನಲ್ಲೂ ನೋಡಿದೆ. ತಂತಿ ಮೆತ್ತಗಿದ್ದರೂ ಕತ್ತು ಅಗಲ, ಕಿರುಬೆರಳು ಆರನೆಯ ತಂತಿಗೆ ಮುಟ್ಟಲಿಲ್ಲ. ಆ ತಂತಿಯನ್ನು ಬಿಟ್ಟು ಹಿಡಿದರೆ ಅಲ್ಲಿಯೂ ನಡೆಯುತ್ತದೆ.

ಎ ಫ್ಲ್ಯಾಟಿಗೆ ಸರಿಯುವಾಗ ತಂತಿಯ ಮೇಲೆ ಬೆರಳು ಕಿರುಗುಟ್ಟದಂತೆ ನಾನು ಮಾಡುವ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತಿಂಗಳುಗಟ್ಟಲೆ ಕೂತು ದಕ್ಕಿಸಿಕೊಂಡದ್ದು.

ಒಟ್ಟು ಏಳೆಂಟು ತಿಂಗಳು ಹಿಡಿಯಿತು. ಕಳೆದ ಅಭ್ಯಾಸದಲ್ಲಿ ಇ ಫ್ಲ್ಯಾಟಿನ ನಾಲ್ಕು ಹಾಡುಗಳನ್ನು ಬಿಡುವಿಲ್ಲದೆ ನುಡಿಸಿದೆವು. ಕೈ ಉಳಿಯುವುದಿಲ್ಲ ಎಂದಿದ್ದವರೇ ಹತ್ತಿರ ಬಂದು ಕ್ಯಾಪೊ ಎಲ್ಲಿ ಎಂದು ಗಿಟಾರಿನ ಕತ್ತನ್ನು ನೋಡಿದರು. ಆಮೇಲೆ ಆ ಇ ಫ್ಲ್ಯಾಟ್ ಆಕಾರವನ್ನು ಇನ್ನೊಮ್ಮೆ ತೋರಿಸಿ ಎಂದರು. ತೋರಿಸಿದೆ.