ಎಂಜಿನ್ ಒಂದೇ, ಪಿಕಪ್ ಬೇರೆ: ಗ್ಯಾರೇಜಿನಲ್ಲಿ ನಾನು ಅಳೆದು ನೋಡುವ ಬಗೆ

ಹಾಸನದ ನನ್ನ ಗ್ಯಾರೇಜಿಗೆ ಬರುವ ಹಳೆಯ ಡೀಸೆಲ್ ಕಾರುಗಳಲ್ಲಿ ದೊಡ್ಡ ಪಾಲು ಇಂದಿಗೂ ಒಂದೇ ಎಂಜಿನ್‌ನವು. ಅದು ಫಿಯೆಟ್ ಮೂಲದ, 1248 ಸಿಸಿಯ 1.3 ಲೀಟರ್ ಮಲ್ಟಿಜೆಟ್. ಮಾರುತಿಯವರು ಅದನ್ನೇ ಡಿಡಿಐಎಸ್ ಎಂದು ಮಾರಿದರು, ಟಾಟಾದವರು ಕ್ವಾಡ್ರಾಜೆಟ್ ಎಂದರು. ಸ್ವಿಫ್ಟ್, ಡಿಜೈರ್, ರಿಟ್ಜ್, ಎರ್ಟಿಗಾ, ಬ್ರೆಜ್ಜಾ, ಇಂಡಿಕಾ ವಿಸ್ಟಾ, ಪುಂಟೊ, ಲೀನಿಯಾ ಹೀಗೆ ಪಟ್ಟಿ ಬೆಳೆಯುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಜಾರಿಗೆ ಬಂದ ಮೇಲೆ ನಮ್ಮಲ್ಲಿ ಹೊಸ ಕಾರುಗಳಿಗೆ ಅದು ಬರುವುದು ನಿಂತಿತಾದರೂ, ರಸ್ತೆಯ ಮೇಲಿರುವ ಗಾಡಿಗಳಿಗೆ ಬರವಿಲ್ಲ. ಹಾಗೆಯೇ "ಎಂಜಿನ್ ಒಂದೇ ಅಲ್ವಾ ಅಣ್ಣಾ, ಅವನ ಗಾಡಿಗಿರೋ ಪಿಕಪ್ ನನ್ನದಕ್ಯಾಕಿಲ್ಲ?" ಎಂಬ ದೂರಿಗೂ ಬರವಿಲ್ಲ.

ಈ ದೂರು ಬಂದಾಗ ನಾನು ಮೊದಲು ನೋಡುವುದು ಆ ಗಾಡಿಯಲ್ಲಿರುವುದು 75 ಪಿಎಸ್ ಎಂಜಿನ್ನೋ 90 ಪಿಎಸ್ ಎಂಜಿನ್ನೋ ಎಂಬುದನ್ನು. ಪಿಎಸ್ ಎಂದರೆ ಎಂಜಿನ್ ಶಕ್ತಿಯ ಅಳತೆ, ಅಶ್ವಶಕ್ತಿ. ಸ್ವಿಫ್ಟ್‌ನಲ್ಲಿದ್ದುದು 75 ಪಿಎಸ್ ಮತ್ತು 2000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್. ಟಾರ್ಕ್ ಎಂದರೆ ಎಂಜಿನ್‌ನ ತಿರುಗಿಸುವ ಬಲ, ಆರ್‌ಪಿಎಂ ಎಂದರೆ ಅದು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಎಂಬುದು. ಎರ್ಟಿಗಾ ಮತ್ತು ಬ್ರೆಜ್ಜಾಗಳಲ್ಲಿ 90 ಪಿಎಸ್ ಮತ್ತು 1750 ಆರ್‌ಪಿಎಂನಲ್ಲಿ 200 ನ್ಯೂಟನ್ ಮೀಟರ್. ಪುಂಟೊ ಒಂದೇ ಕಾರಾಗಿದ್ದರೂ ಎರಡೂ ಬಗೆಯಲ್ಲಿ ಮಾರಾಟವಾಯಿತು. ಟಾರ್ಕ್ ಹೆಚ್ಚಿರುವುದು ಐದೇ ಶೇಕಡದಷ್ಟು, ಪಿಎಸ್ ಮಾತ್ರ ಇಪ್ಪತ್ತು ಶೇಕಡದಷ್ಟು. ಇದು ಹೇಗೆ ಎಂದು ಕೇಳುವವರಿಗೆ ನಾನು ಲೆಕ್ಕ ಮಾಡಿಯೇ ತೋರಿಸುತ್ತೇನೆ. ಶಕ್ತಿಯೆಂದರೆ ಟಾರ್ಕ್ ಮತ್ತು ಆರ್‌ಪಿಎಂಗಳ ಗುಣಲಬ್ಧ. ನ್ಯೂಟನ್ ಮೀಟರನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಇದನ್ನೇ ಹಿಂದಿನಿಂದ ಹಾಕಿದರೆ, 4000 ಆರ್‌ಪಿಎಂನಲ್ಲಿ 75 ಪಿಎಸ್ ಕೊಡುವ ಎಂಜಿನ್‌ನಲ್ಲಿ ಆ ಹೊತ್ತಿಗೆ ಉಳಿದಿರುವ ಟಾರ್ಕ್ ಸುಮಾರು 132 ನ್ಯೂಟನ್ ಮೀಟರ್, 90 ಪಿಎಸ್ ಎಂಜಿನ್‌ನಲ್ಲಿ ಸುಮಾರು 158. ಅಂದರೆ ಎರಡು ಎಂಜಿನ್‌ಗಳ ನಿಜವಾದ ವ್ಯತ್ಯಾಸ ಗರಿಷ್ಠ ಟಾರ್ಕ್‌ನಲ್ಲಿಲ್ಲ. ಆ ಟಾರ್ಕ್ ಎಷ್ಟು ಬೇಗ ಬರುತ್ತದೆ, ಎಷ್ಟು ಮೇಲಿನವರೆಗೆ ನಿಲ್ಲುತ್ತದೆ ಎಂಬುದರಲ್ಲಿದೆ.

ಅದಕ್ಕೆ ಕಾರಣ ಮುಖ್ಯವಾಗಿ ಟರ್ಬೊ, ಅಂದರೆ ಎಂಜಿನ್‌ನಿಂದ ಹೊರಹೋಗುವ ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ. 75 ಪಿಎಸ್‌ನದರಲ್ಲಿ ಟರ್ಬೊದ ಒಳದಾರಿ ಬದಲಾಗುವುದಿಲ್ಲ, ಹೊಗೆಯ ಒತ್ತಡ ಅತಿಯಾದಾಗ ಪಕ್ಕದ ಬಾಗಿಲು ತೆರೆದು ಅದನ್ನು ಹೊರಬಿಡುತ್ತದೆ, ಅಷ್ಟೇ. 90 ಪಿಎಸ್‌ನದರಲ್ಲಿ ಟರ್ಬೈನ್ ಚಕ್ರದ ಸುತ್ತ ಸಣ್ಣ ರೆಕ್ಕೆಗಳಿರುತ್ತವೆ. ಆರ್‌ಪಿಎಂ ಕಡಿಮೆಯಿರುವಾಗ ಅವು ದಾರಿಯನ್ನು ಕಿರಿದು ಮಾಡಿ ಹೊಗೆಯನ್ನು ರಭಸದಿಂದ ಚಕ್ರಕ್ಕೆ ಹಾಯಿಸುತ್ತವೆ, ಮೇಲೆ ಹೋದಾಗ ಅಗಲವಾಗಿ ತೆರೆದುಕೊಳ್ಳುತ್ತವೆ. ಮಂಗಳೂರಿನಿಂದ ಶಿರಾಡಿ ಘಾಟ್ ಹತ್ತಿ ಬಂದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ತಿರುವಿನಲ್ಲಿ ಲಾರಿಯ ಹಿಂದೆ ನಿಧಾನಿಸಿ ಆರ್‌ಪಿಎಂ 1500ಕ್ಕೆ ಇಳಿಯಿತೆಂದರೆ, ಟರ್ಬೊದ ಗಾಳಿ ಬರುವ ತನಕ 75 ಪಿಎಸ್ ಗಾಡಿ ಬರಿಯ 1248 ಸಿಸಿಯ ಸಣ್ಣ ಎಂಜಿನ್‌ನಂತೆಯೇ ವರ್ತಿಸುತ್ತದೆ, ಎರಡನೇ ಗೇರಿಗೆ ಇಳಿಸದೆ ಬೇರೆ ದಾರಿಯಿಲ್ಲ. ಈ ಎಂಜಿನ್ ಬಗ್ಗೆ ಜನ ಹೊಗಳುವುದನ್ನೂ ಬೈಯುವುದನ್ನೂ ಕೇಳಿದ್ದೇನೆ. ಎರಡೂ 2000 ಆರ್‌ಪಿಎಂನ ಆಚೆ ಈಚೆಗಿನ ಮಾತುಗಳೇ.

ಎಂಜಿನ್ ವಿಷಯ ಇಷ್ಟಾದರೆ, ಉಳಿದ ಅರ್ಧ ಎಂಜಿನ್‌ನ ಹೊರಗಿದೆ. ಒಮ್ಮೆ ಅಣ್ಣತಮ್ಮಂದಿರಿಬ್ಬರು ಒಟ್ಟಿಗೇ ಬಂದಿದ್ದರು. ಅಣ್ಣನದು 90 ಪಿಎಸ್‌ನ ಸೆಡಾನ್, ತಮ್ಮನದು 75 ಪಿಎಸ್‌ನ ಹ್ಯಾಚ್‌ಬ್ಯಾಕ್. ಹೆಚ್ಚು ಪಿಎಸ್ ಇರುವ ತನ್ನ ಗಾಡಿಯೇ ಪೇಟೆಯಲ್ಲಿ ಹಿಂದೆ ಬೀಳುತ್ತದೆ, ಹಾಗಾಗಿ ಟರ್ಬೊ ಬಿಚ್ಚಿ ನೋಡಬೇಕು ಎಂಬುದು ಅಣ್ಣನ ಒತ್ತಾಯ. ಸ್ಪ್ಯಾನರ್ ಹಿಡಿಯುವ ಮೊದಲು ಎರಡೂ ಗಾಡಿಗಳನ್ನು ವೇ ಬ್ರಿಡ್ಜ್‌ಗೆ ಒಯ್ದೆವು. ಚಾಲಕನೂ ಸೇರಿ ತಮ್ಮನ ಗಾಡಿಗಿಂತ ಅಣ್ಣನದು ಸುಮಾರು 140 ಕಿಲೋ ಹೆಚ್ಚು ತೂಗಿತು. ಡಿಕ್ಕಿಯಲ್ಲಿ ಅವರು ಮರೆತಿದ್ದ ಕಾಫಿ ಮೂಟೆಯನ್ನು ಇಳಿಸಿದ ನಂತರದ ತೂಕವಿದು.

ಆಮೇಲೆ ಗೇರಿನ ಅಳತೆ. ಗೇರ್‌ಬಾಕ್ಸ್‌ನ ಅನುಪಾತಗಳ ಪಟ್ಟಿ ಕೈಯಲ್ಲಿಲ್ಲದಿದ್ದರೂ ಇದನ್ನು ತಿಳಿಯುವ ಸುಲಭ ದಾರಿಯೆಂದರೆ, ಸಮತಟ್ಟಾದ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 2000 ಆರ್‌ಪಿಎಂ ಹಿಡಿದು, ಫೋನಿನ ಜಿಪಿಎಸ್‌ನಲ್ಲಿ ವೇಗ ಎಷ್ಟೆಂದು ಬರೆದುಕೊಳ್ಳುವುದು. ಸ್ಪೀಡೋಮೀಟರ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುವುದರಿಂದ ಅದನ್ನು ನಾನು ನಂಬುವುದಿಲ್ಲ. ತಮ್ಮನ ಗಾಡಿ ಗಂಟೆಗೆ 41 ಕಿ.ಮೀ. ತೋರಿಸಿತು, ಅಣ್ಣನದು 45. ಅದೇ ಆರ್‌ಪಿಎಂನಲ್ಲಿ ಗಾಡಿ ಹೆಚ್ಚು ದೂರ ಹೋಗುತ್ತದೆಂದರೆ ಚಕ್ರಕ್ಕೆ ಸಿಗುವ ಎಳೆತ ಅಷ್ಟೇ ಪಾಲು ಕಡಿಮೆಯಾಗಿದೆ ಎಂದರ್ಥ. ಹೆದ್ದಾರಿಯಲ್ಲಿ ಎಂಜಿನ್ ಶಾಂತವಾಗಿರಲಿ, ಮೈಲೇಜ್ ಬರಲಿ ಎಂದು ಕಂಪನಿಗಳು ಹೀಗೆ ಮಾಡುತ್ತವೆ, ತಪ್ಪೇನಲ್ಲ. ಆದರೆ ಐದು ಶೇಕಡ ಹೆಚ್ಚಿನ ಟಾರ್ಕ್ ಹತ್ತು ಶೇಕಡ ಉದ್ದದ ಗೇರನ್ನೂ ಅದಕ್ಕಿಂತ ಹೆಚ್ಚು ಪಾಲಿನ ತೂಕವನ್ನೂ ಒಟ್ಟಿಗೆ ತುಂಬಿಕೊಡಲಾರದು.

ಕೊನೆಗೆ ಬೈಪಾಸಿನಲ್ಲಿ ಬೆಳಗಿನ ಜಾವ, ಎಸಿ ಆರಿಸಿ, ಟೈರ್ ಗಾಳಿ ಸರಿಮಾಡಿ, ಅದೇ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಓಡಿಸಿ, ಮೂರನೇ ಗೇರಿನಲ್ಲಿ 40ರಿಂದ 80ರವರೆಗಿನ ವೇಗವರ್ಧನೆಯನ್ನು ಫೋನಿನಲ್ಲಿ ವಿಡಿಯೊ ಮಾಡಿದೆವು. 60 ಮುಟ್ಟುವವರೆಗೆ ತಮ್ಮನ ಗಾಡಿ ಮುಂದಿತ್ತು, ಅಲ್ಲಿಂದ ಮೇಲೆ ಅಣ್ಣನ ಗಾಡಿ ಆ ಅಂತರವನ್ನು ತುಂಬಿಕೊಂಡಿತು. ಲೆಕ್ಕ ಹೇಳಿದ್ದೂ ಅದನ್ನೇ. ಟರ್ಬೊ ಬಿಚ್ಚಲಿಲ್ಲ, ಪೇಟೆಯಲ್ಲಿ ಒಂದು ಗೇರು ಕೆಳಗೇ ಇಟ್ಟುಕೊಂಡು ಓಡಿಸಿ ಎಂದು ಹೇಳಿ ಕಳಿಸಿದೆ. ಏನಾದರೂ ಬದಲಿಸಿದ್ದರೆ ಅವರಿಗೆ ಹೆಚ್ಚು ಸಮಾಧಾನವಾಗುತ್ತಿತ್ತೇನೋ.

ಗೇರಿನ ಅನುಪಾತವನ್ನು ಮಾಲೀಕರೇ ತಿಳಿಯದೆ ಬದಲಿಸಿಕೊಳ್ಳುವುದೂ ಉಂಟು. ಸ್ವಿಫ್ಟ್‌ನ ಮೇಲಿನ ಮಾದರಿಗೆ ಬರುತ್ತಿದ್ದ 185/65 ಆರ್15 ಟೈರ್‌ನ ವ್ಯಾಸ ಸುಮಾರು 621 ಮಿ.ಮೀ.; ನೋಟಕ್ಕೆ ಚೆಂದವೆಂದು ಹಾಕಿಸುವ 205/65 ಆರ್15 ಟೈರ್‌ನದು ಸುಮಾರು 647. ಎಲ್ಲ ಗೇರುಗಳಲ್ಲೂ ನಾಲ್ಕು ಶೇಕಡ ಎಳೆತ ಹೋಯಿತು, ಮೇಲಾಗಿ ಟೈರಿನ ತೂಕವೂ ಏರಿತು. ಚಕ್ರದ ಅಂಚಿನಲ್ಲಿ ಸೇರುವ ಒಂದು ಕಿಲೋವನ್ನು ಮುಂದಕ್ಕೂ ತಳ್ಳಬೇಕು, ಸುತ್ತಿಸಲೂ ಬೇಕು. ಆದ್ದರಿಂದ ವೇಗ ಹೆಚ್ಚಿಸುವಾಗ ಅದು ಸೀಟಿನ ಮೇಲಿಟ್ಟ ಎರಡು ಕಿಲೋಗೆ ಹತ್ತಿರ ಹತ್ತಿರ ಸಮ.

ಒಂದೇ ಮಾದರಿಯ, ಒಂದೇ ಟೈರಿನ ಎರಡು ಗಾಡಿಗಳ ನಡುವೆ ಅಂತರ ಕಂಡರೆ ಮಾತ್ರ ನಾನು ದೋಷ ಹುಡುಕಲು ತೊಡಗುತ್ತೇನೆ. ಮೊದಲು ನ್ಯೂಟ್ರಲ್‌ನಲ್ಲಿ 60ರಿಂದ 40ಕ್ಕೆ ಉರುಳಲು ಬಿಡುತ್ತೇನೆ. ಬೇಗ ನಿಧಾನವಾದರೆ ಎಲ್ಲೋ ಬ್ರೇಕ್ ಹಿಡಿದಿದೆ, ಇಳಿದು ನೋಡಿದರೆ ಆ ಚಕ್ರ ಉಳಿದವಕ್ಕಿಂತ ಬಿಸಿಯಾಗಿರುತ್ತದೆ. ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ವೇಗಕ್ಕಿಂತ ಮೊದಲು ಆರ್‌ಪಿಎಂ ಜಿಗಿದರೆ ಕ್ಲಚ್ ಸ್ಲಿಪ್. ಇವೆರಡೂ ಇಲ್ಲವಾದರೆ ಸ್ಕ್ಯಾನರ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ, ಒತ್ತಡದ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನು ಸರಿಯಾಗಿ ತೋರಿಸುತ್ತಿದೆಯೇ ಎಂದು ನೋಡುತ್ತೇನೆ. ಹಾಸನದಲ್ಲಿ ಅದು 90 ಕಿಲೋಪ್ಯಾಸ್ಕಲ್ ಆಸುಪಾಸು ಇರಬೇಕು. ಮಂಗಳೂರಿನ ಕಡಲ ಮಟ್ಟದಲ್ಲಿ 101. ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಗಳು ಘಟ್ಟದ ಮೇಲೆ ಸುಮಾರು ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುವುದು ಇದೇ ಕಾರಣಕ್ಕೆ. ಟರ್ಬೊ ಇದ್ದವು ಆ ಕೊರತೆಯನ್ನು ಬಹುಪಾಲು ತುಂಬಿಕೊಳ್ಳುತ್ತವೆ.

ಸೆನ್ಸರ್ ಸರಿಯಿದೆಯೆಂದಾದ ಮೇಲೆ ಗಾಡಿಯನ್ನು ಏರಿನಲ್ಲಿ ಓಡಿಸುತ್ತ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೇಳುವ ಟರ್ಬೊ ಗಾಳಿಯ ಒತ್ತಡವನ್ನೂ ನಿಜವಾಗಿ ಸಿಗುವ ಒತ್ತಡವನ್ನೂ ಸ್ಕ್ಯಾನರ್‌ನಲ್ಲಿ ಎರಡು ಗೆರೆಗಳಾಗಿ ಪಕ್ಕಪಕ್ಕ ಇಟ್ಟು ನೋಡಬೇಕು. 90 ಪಿಎಸ್ ಗಾಡಿಯೊಂದರಲ್ಲಿ ಈ ಎರಡು ಗೆರೆಗಳು 2000 ಆರ್‌ಪಿಎಂ ದಾಟಿದೊಡನೆ ದೂರ ಸರಿಯುತ್ತಿದ್ದವು, ಹಿಂದೆ ಕಪ್ಪು ಹೊಗೆಯೂ ಬರುತ್ತಿತ್ತು. ಟರ್ಬೊದಿಂದ ಇಂಟರ್‌ಕೂಲರ್‌ಗೆ (ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಭಾಗಕ್ಕೆ) ಹೋಗುವ ರಬ್ಬರ್ ಹೋಸ್‌ನ ತಳಭಾಗದಲ್ಲಿ ಎಣ್ಣೆಯ ಪಸೆ ಹಿಡಿದು, ಅದರ ಮೇಲೆ ಕೆಂಪು ಧೂಳು ಅಂಟಿಕೊಂಡಿತ್ತು. ಅಲ್ಲಿ ಬೆರಳಿಟ್ಟು ಅಗಲಿಸಿದಾಗ ಮಾತ್ರ ಬಾಯಿ ತೆರೆಯುವ ಸೀಳು. ನಿಂತ ಗಾಡಿಯಲ್ಲಿ ಅದು ಕಾಣುವುದಿಲ್ಲ, ಒತ್ತಡ ಏರಿದಾಗಷ್ಟೇ ಗಾಳಿ ಬಿಡುತ್ತದೆ. ಹೋಸ್ ಬದಲಿಸಿದ ಮೇಲೆ ಗೆರೆಗಳು ಕೂಡಿದವು. ಹೋಸ್ ಸರಿಯಿದ್ದೂ ಗೆರೆಗಳು ದೂರವಿದ್ದರೆ ಟರ್ಬೊದ ರೆಕ್ಕೆಗಳು ಮಸಿ ಹಿಡಿದು ಸಿಕ್ಕಿಕೊಂಡಿವೆಯೇ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ನಿಂತಿದೆಯೇ ಎಂದು ನೋಡುತ್ತೇನೆ. ಪೇಟೆಯಲ್ಲಿ ಸಣ್ಣಪುಟ್ಟ ಓಡಾಟಕ್ಕೆ ಮಾತ್ರ ಬಳಸುವ ಗಾಡಿಗಳಲ್ಲಿ ಇದು ಹೆಚ್ಚು.

ಇಸಿಯು ಮ್ಯಾಪ್ (ಯಾವಾಗ ಎಷ್ಟು ಡೀಸೆಲ್ ಬಿಡಬೇಕೆಂದು ಅದರೊಳಗಿರುವ ಪಟ್ಟಿ) ಬದಲಿಸಿ 75ನ್ನು 90 ಮಾಡಿಕೊಡಿ ಎಂದು ಬರುವವರನ್ನು ನಾನು ಒಪ್ಪುವುದಿಲ್ಲ. ಮ್ಯಾಪ್‌ನಿಂದ ಡೀಸೆಲ್ ಹೆಚ್ಚಿಸಬಹುದು, ಆದರೆ 75 ಪಿಎಸ್‌ನ ಒಳದಾರಿ ಬದಲಾಗದ ಟರ್ಬೊ ಮೇಲಿನ ಆರ್‌ಪಿಎಂನಲ್ಲಿ ಅದಕ್ಕೆ ತಕ್ಕ ಗಾಳಿ ಕೊಡಲಾರದೆ ಹೊಗೆ ಏರುತ್ತದೆ, ನಡುವಿನ ಆರ್‌ಪಿಎಂನಲ್ಲಿ ಏರಿದ ಟಾರ್ಕ್ ಅದಕ್ಕೆಂದು ಮಾಡಿರದ ಕ್ಲಚ್‌ನ ಮೇಲೆ ಬೀಳುತ್ತದೆ. ಅಂಥವರಿಗೆ ಟೈರನ್ನು ಕಂಪನಿಯ ಅಳತೆಗೆ ಮರಳಿಸಿ, ಏರ್ ಫಿಲ್ಟರ್ ಬದಲಿಸಿ, ಡಿಕ್ಕಿ ಖಾಲಿ ಮಾಡಿ ಮತ್ತೊಮ್ಮೆ 40ರಿಂದ 80 ಓಡಿಸಿ ನೋಡಲು ಹೇಳುತ್ತೇನೆ.