ಬೆಟ್ಟದ ಬಿಸಿಲಿಗೆ ತಕ್ಕ ಅಂಗಿ ಆಯ್ದುಕೊಳ್ಳುವುದು

ಕುಮಾರ ಪರ್ವತವನ್ನು ನಾನು ಮೊದಲ ಸಲ ಹತ್ತಿದ್ದು ಡಿಸೆಂಬರಿನಲ್ಲಿ, ತೆಳು ಬಿಳಿ ಹತ್ತಿಯ ಟೀ ಶರ್ಟ್ ಹಾಕಿಕೊಂಡು. ಕುಕ್ಕೆಯಿಂದ ದಾರಿ ಮಧ್ಯದ ಗಿರಿಗದ್ದೆಯ ಭಟ್ಟರ ಮನೆಯ ಹತ್ತಿರದ ತನಕ ಕಾಡಿನ ನೆರಳು. ಆಮೇಲೆ ಬೋಳು ಹುಲ್ಲುಗುಡ್ಡ. ತಣ್ಣನೆ ಗಾಳಿಯಲ್ಲಿ ಬಿಸಿಲು ಗೊತ್ತೇ ಆಗಲಿಲ್ಲ. ರಾತ್ರಿ ಬಿಸಿನೀರು ಮೈಮೇಲೆ ಬಿದ್ದಾಗ ಕತ್ತು, ಮುಂಗೈ ಉರಿದವು. ಬಟ್ಟೆ ಮುಚ್ಚಿದ್ದ ಭುಜವೂ ಕೆಂಪಾಗಿತ್ತು!

ಅಂಗಿ ತೆಳುವಾಗಿದ್ದರೆ ಸಾಲದು, ನೇಯ್ಗೆ ಒತ್ತಾಗಿರಬೇಕು ಎಂದು ಕಲಿತದ್ದು ಆಗಲೇ. ಯುಪಿಎಫ್ ಎಂದರೆ ಬಟ್ಟೆ ಬಿಸಿಲಿನ ಅತಿನೇರಳೆ ಕಿರಣವನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ. ಚೀಟಿಯಲ್ಲಿ ಯುಪಿಎಫ್ 50 ಎಂದಿದ್ದರೆ ಆ ಕಿರಣದಲ್ಲಿ ಐವತ್ತರಲ್ಲೊಂದು ಪಾಲು ಮಾತ್ರ ಒಳಬರುತ್ತದೆ. ತೆಳು ಬಿಳಿ ಹತ್ತಿಯ ಟೀ ಶರ್ಟ್ ಎಷ್ಟೋ ಸಲ 10 ಕೂಡ ಮುಟ್ಟುವುದಿಲ್ಲ. ಬೆವರಿಗೆ ಒದ್ದೆಯಾದರೆ ಇನ್ನೂ ಇಳಿಯುತ್ತದೆ, ಮೇಲಿನ ಗಾಳಿಗೆ ಮೈ ನಡುಗಿಸುವುದೂ ಅದೇ. ಅದಕ್ಕೇ ನಾನು ಪಾಲಿಯೆಸ್ಟರ್ ಅಥವಾ ನೈಲಾನ್ ಅಂಗಿಯನ್ನೇ ಹೇಳುತ್ತೇನೆ.

ಚೀಟಿಯಿಲ್ಲದ ಅಂಗಿಯನ್ನು ಅಂಗಡಿಯ ಬಾಗಿಲಿಗೆ ತಂದು ಬೆಳಕಿಗೆ ಹಿಡಿಯಿರಿ. ಬೆರಳಿನ ಆಕಾರ ಸ್ಪಷ್ಟವಾಗಿ ಕಂಡರೆ ಬಿಟ್ಟುಬಿಡಿ. ಇದು ಒರಟು ಪರೀಕ್ಷೆ, ಆದರೆ ಕೆಟ್ಟದ್ದನ್ನು ಜರಡಿ ಹಿಡಿಯಲು ಸಾಕು.

ಅಳತೆ ಸ್ವಲ್ಪ ಸಡಿಲವಿರಲಿ. ಮೈಗೆ ಬಿಗಿದರೆ ನೇಯ್ಗೆ ಹಿಗ್ಗಿ ಕಿಂಡಿ ತೆರೆಯುತ್ತದೆ. ಹಾಕಿಕೊಂಡು ಎರಡೂ ಕೈ ಮೇಲೆತ್ತಿ, ಕೋಲು ಊರುವ ಹಾಗೆ ಮುಂದಕ್ಕೆ ಚಾಚಿ. ತೋಳು ಮಣಿಕಟ್ಟು ಬಿಟ್ಟು ಮೇಲೆ ಸರಿಯಬಾರದು. ಕಾಲರ್ ಎತ್ತಿದರೆ ಹಿಂಗತ್ತು ಪೂರ್ತಿ ಮುಚ್ಚಬೇಕು. ಬಗ್ಗಿ ಹತ್ತುವಾಗ ಹೆಚ್ಚು ಸುಡುವುದು ಅಲ್ಲೇ. ನನಗೆ ಮುಂದೆ ಗುಂಡಿಯಿರುವ ಅಂಗಿಯೇ ಇಷ್ಟ, ಕಾಡಿನ ಸೆಖೆಯಲ್ಲಿ ಎರಡು ಗುಂಡಿ ಬಿಚ್ಚಿದರೆ ಉಸಿರಾಡಬಹುದು. ಇನ್ನೊಂದು ಮಾತು: ಬ್ಯಾಗ್ ಹೊತ್ತುಕೊಂಡೇ ಅಂಗಿ ಪರೀಕ್ಷಿಸಿ. ಪಟ್ಟಿಯ ಕೆಳಗೆ ದಪ್ಪ ಹೊಲಿಗೆ ಬಂದರೆ ಗಿರಿಗದ್ದೆ ಮುಟ್ಟುವಷ್ಟರಲ್ಲಿ ಭುಜ ತರಚಿರುತ್ತದೆ.

ಒಗೆಯಲು ಮಾಮೂಲಿ ಸೋಪು ಸಾಕು. ಬಟ್ಟೆ ಮೆತ್ತಗಾಗಲು, ಘಮ್ಮೆನ್ನಲು ಹಾಕುವ ದ್ರವ ಬೇಡ, ಅದರ ಪದರ ಕೂತರೆ ಬೆವರು ಬೇಗ ಆರುವುದಿಲ್ಲ. ಬ್ಯಾಗಿನ ಪಟ್ಟಿ ಉಜ್ಜಿದ ಜಾಗವನ್ನು ಪ್ರತಿ ಚಾರಣದ ಕಾಲಕ್ಕೆ ಮುಂಚೆ ಮತ್ತೊಮ್ಮೆ ಬೆಳಕಿಗೆ ಹಿಡಿಯಿರಿ. ನನ್ನ ಹಿಂದಿನ ಅಂಗಿ ಮೊದಲು ಸವೆದದ್ದು ಬಲಭುಜದಲ್ಲಿ.