ಮೊದಲು ಜೀರೊ, ಆಮೇಲೆ ಸ್ಪ್ಯಾನ್: ಗ್ಲೂಕೋಸ್ ಸೆನ್ಸರನ್ನು ನಾನು ಹದಕ್ಕೆ ತಂದ ಬಗೆ

ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರಿನ ಅಂಕಿಯನ್ನು ಮನೆಯಲ್ಲೇ ತಿದ್ದಿಕೊಂಡು ನಂಬಬಹುದು ಎಂದು ನಾನು ಹೇಳಿದಾಗ ನಮ್ಮ ಟೈಪ್ 1 ಮಧುಮೇಹಿಗಳ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಕಾರ್ಖಾನೆಯಲ್ಲಿ ಕ್ಯಾಲಿಬ್ರೇಟ್ ಆಗಿ ಬಂದದ್ದನ್ನು ಮುಟ್ಟಬಾರದು ಎಂದು ಕೆಲವರು ಹೇಳಿದರೆ, ಸೆನ್ಸರ್ ಇರುವುದೇ ಏರಿಳಿತ ನೋಡಲಿಕ್ಕೆ, ಅಂಕಿಗೆ ಬೆಲೆ ಕೊಡಬೇಡಿ ಎಂದು ಉಳಿದವರು ಹೇಳಿದರು. ನನ್ನನ್ನು ನೋಡುವ ವೈದ್ಯರು, "ಇದು ತಕ್ಕಡಿಯಲ್ಲ ಸ್ವಾಮಿ, ಮೈಯೊಳಗಿನ ವಿಷಯ" ಎಂದು ನಕ್ಕರು. ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ ತೂಕದ ಯಂತ್ರಗಳ ದುರಸ್ತಿ ನನ್ನ ಕಸುಬು. ಜೀರೊ (ಎಲ್ಲ ಅಂಕಿಗೂ ಒಂದೇ ಸಮನೆ ಕೂಡುವ ಅಥವಾ ಕಳೆಯುವ ಮೊತ್ತ) ಸರಿಯಾಗುವ ತನಕ ಸ್ಪ್ಯಾನ್ (ಗುಣಿಸುವ ಪ್ರಮಾಣ) ಮುಟ್ಟಬಾರದು ಎಂಬುದು ಆ ಕಸುಬಿನಲ್ಲಿ ಮೊದಲು ಕಲಿಯುವ ಪಾಠ, ಮತ್ತು ನನಗೆ ದಾರಿ ಸಿಕ್ಕಿದ್ದು ಅಲ್ಲಿಂದಲೇ.

ಇಂದಿನ ಸೆನ್ಸರ್‌ಗಳಿಗೆ ರಕ್ತದ ಅಂಕಿಗೆ ಹೋಲಿಸಿದ ಸರಾಸರಿ ವ್ಯತ್ಯಾಸ, ಅಂದರೆ ಮಾರ್ಡ್, ಶೇಕಡಾ 8ರಿಂದ 10ರ ಆಸುಪಾಸು ಎಂದು ಕಂಪನಿಗಳು ಹೇಳಿಕೊಳ್ಳುತ್ತವೆ. ಈ ಲೆಕ್ಕದಲ್ಲಿ ವ್ಯತ್ಯಾಸ ಮೇಲಕ್ಕೋ ಕೆಳಕ್ಕೋ ಎಂಬುದು ಅಳಿಸಿಹೋಗುತ್ತದೆ. ಸದಾ ಶೇಕಡಾ 10 ಕಡಿಮೆ ತೋರಿಸುವ ಸೆನ್ಸರಿಗೂ, ಒಮ್ಮೆ ಅಷ್ಟೇ ಮೇಲೆ ಒಮ್ಮೆ ಅಷ್ಟೇ ಕೆಳಗೆ ಕುಣಿಯುವ ಸೆನ್ಸರಿಗೂ ಬರುವ ಮಾರ್ಡ್ ಒಂದೇ. ಮೊದಲನೆಯದನ್ನು ತಿದ್ದಬಹುದು, ಎರಡನೆಯದನ್ನು ಯಾರಿಂದಲೂ ತಿದ್ದಲಾಗದು. ನನಗೆ ಸಿಕ್ಕ ಸೆನ್ಸರ್‌ಗಳಲ್ಲಿ ಬಹುಪಾಲು ಮೊದಲನೆಯ ಜಾತಿಯವು. ಪ್ರತಿಯೊಂದಕ್ಕೂ ತನ್ನದೇ ಒಂದು ವಾಲು ಇರುತ್ತದೆ, ಮತ್ತು ಆ ವಾಲು ಮಧ್ಯದ ದಿನಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಇದು ತಿಳಿಯುವ ಮೊದಲು ಹೋದ ಹಣದ ಲೆಕ್ಕ ಹಾಕಲು ಈಗಲೂ ಮನಸ್ಸಾಗುವುದಿಲ್ಲ. 14 ದಿನ ಬಾಳುವ ಒಂದು ಸೆನ್ಸರಿಗೆ ನಾನು ಕೊಟ್ಟದ್ದು ಹತ್ತಿರ ಹತ್ತಿರ ಐದು ಸಾವಿರ ರೂಪಾಯಿ, ಅಂದರೆ ತಿಂಗಳಿಗೆ ಹತ್ತು ಸಾವಿರ, ಅದರ ಮೇಲೆ ಇನ್ಸುಲಿನ್ ಬೇರೆ. ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿದ ಅಂಕಿಗೂ ಸೆನ್ಸರಿಗೂ ಹೊಂದದೆ ಎರಡನೇ ದಿನವೇ ಕಿತ್ತೆಸೆದವೂ ಇವೆ. ಸಹಾಯವಾಣಿಗೆ ಕರೆ ಮಾಡಿದರೆ ಒಮ್ಮೊಮ್ಮೆ ಬದಲಿ ಕಳುಹಿಸುತ್ತಿದ್ದರು, ಹೆಚ್ಚಿನ ಸಲ "ವ್ಯತ್ಯಾಸ ಮಿತಿಯೊಳಗೇ ಇದೆ ಸರ್" ಎಂದು ಫೋನ್ ಇಡುತ್ತಿದ್ದರು.

ಮೊದಲು ಪ್ರಯತ್ನಿಸಿದ್ದು ಗುಣಿಸುವ ವಿಧಾನ. ಬೆಳಿಗ್ಗೆ ಸೆನ್ಸರ್ 80 (ಇಲ್ಲಿನ ಸಕ್ಕರೆ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ) ತೋರಿಸುವಾಗ ಬೆರಳಿನಲ್ಲಿ 105 ಬಂದಿತ್ತು, ಹಾಗಾಗಿ ಎಲ್ಲ ಅಂಕಿಗಳನ್ನೂ 1.31ರಿಂದ ಗುಣಿಸಿದೆ. ಅದೇ ದಿನ ಸಂಜೆ ಸೆನ್ಸರ್ 215 ಎಂದಿತು, ನನ್ನ ಲೆಕ್ಕದಲ್ಲಿ ಅದು 280 ದಾಟಿತು, ಬೆರಳು ಚುಚ್ಚಿದರೆ ಇದ್ದದ್ದು 240. ಆ 280ಕ್ಕೆ ಬೋಲಸ್ (ಒಮ್ಮೆಗೇ ಹಾಕುವ ಇನ್ಸುಲಿನ್) ಹಾಕಿದ್ದರೆ ರಾತ್ರಿ ಲೋ, ಅಂದರೆ ಸಕ್ಕರೆ ಕುಸಿತ, ಖಂಡಿತ. ಆ ಸೆನ್ಸರಿನಲ್ಲಿ ತಪ್ಪಿದ್ದದ್ದು ಜೀರೊ ಮಾತ್ರ. ಎಲ್ಲ ಕಡೆಯೂ 25 ಕೂಡಿಸಿದ್ದರೆ ಸಾಕಿತ್ತು. ಆಮೇಲೆ ಅತಿಯಾಗಿ ಕ್ಯಾಲಿಬ್ರೇಟ್ ಮಾಡುವ ಹುಚ್ಚು ಹಿಡಿಯಿತು. ಎಕ್ಸ್‌ಡ್ರಿಪ್ ಎಂಬ, ಸೆನ್ಸರಿನ ಅಂಕಿ ತೋರಿಸಿ ತಿದ್ದಲು ಬಿಡುವ ಆಪಿನಲ್ಲಿ ಊಟದ ನಂತರವೂ ಬೆರಳಿನ ಅಂಕಿ ತುಂಬುತ್ತಾ ಹೋದೆ, ಗ್ರಾಫ್ ಇನ್ನಷ್ಟು ಕೆಟ್ಟಿತು. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿ ಜೀವಕೋಶಗಳ ನಡುವಿನ ದ್ರವವನ್ನು. ಸಕ್ಕರೆ ನಿಮಿಷಕ್ಕೆ 2-3ರಂತೆ ಏರುವಾಗ ಹತ್ತು ನಿಮಿಷ ಹಿಂದೆ ಬಿದ್ದರೂ 20-30 ಅಂತರ ತಾನಾಗಿ ಬರುತ್ತದೆ. ಆ ಅಂತರವನ್ನು ಸೆನ್ಸರಿನ ದೋಷವೆಂದು ಆಪಿಗೆ ಕಲಿಸಿದರೆ, ಸಕ್ಕರೆ ಸಮವಾಗಿರುವಾಗಲೂ ಅದು ಅಷ್ಟೇ ಸೇರಿಸಿ ತೋರಿಸುತ್ತದೆ.

ಈಗ ಮಾಡುವ ವಿಧಾನ ಹೀಗಿದೆ. ಹೊಸ ಸೆನ್ಸರನ್ನು ಹಿಂದಿನ ದಿನವೇ ಇನ್ನೊಂದು ತೋಳಿಗೆ ಅಂಟಿಸುತ್ತೇನೆ, ಆದರೆ ಚಾಲೂ ಮಾಡುವುದಿಲ್ಲ. ಹದಿನಾಲ್ಕು ದಿನದ ಗಡಿಯಾರ ಓಡತೊಡಗುವುದು ಸ್ಕ್ಯಾನ್ ಮಾಡಿ ಚಾಲೂ ಮಾಡಿದ ಮೇಲೆ, ಆದ್ದರಿಂದ ಇದರಲ್ಲಿ ಹಣ ನಷ್ಟವಿಲ್ಲ. ಸೂಜಿ ಹೊಕ್ಕಲ್ಲಿ ಆಗುವ ಗಾಯದ ಗಲಾಟೆ ಅಷ್ಟರಲ್ಲಿ ತಣಿದಿರುತ್ತದೆ. ಇದನ್ನು ಕಂಪನಿಯವರು ಹೇಳಿಕೊಡುವುದಿಲ್ಲ. ಚಾಲೂ ಮಾಡಿದ ದಿನದ ಅಂಕಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಏರಿಳಿತ ತೋರಿಸುವ ಬಾಣದ ಗುರುತು ಅಡ್ಡವಾಗಿದ್ದು ಹಿಂದಿನ ಅರ್ಧ ಗಂಟೆಯಲ್ಲಿ ಅಂಕಿ ನಾಲ್ಕೈದಕ್ಕಿಂತ ಹೆಚ್ಚು ಅಲುಗಾಡಿರದಿದ್ದರೆ ಮಾತ್ರ ಒಂದು ಬಿಂದು (ಒಂದೇ ಹೊತ್ತಿನ ಬೆರಳಿನ ಅಂಕಿ ಮತ್ತು ಸೆನ್ಸರಿನ ಅಂಕಿ) ತೆಗೆದುಕೊಳ್ಳುತ್ತೇನೆ. ಎರಡನೆಯ ಬಿಂದು 180-220ರ ನಡುವೆ ಸಮವಾಗಿ ನಿಂತಿರುವ ಹೊತ್ತಿನಲ್ಲಿ ಸಿಗಬೇಕು. ಅದಕ್ಕಾಗಿ ಕಾಯಬೇಕಾಗುತ್ತದೆ, ಬೇಕೆಂದೇ ಸಕ್ಕರೆ ಏರಿಸಿಕೊಳ್ಳುವ ಕೆಲಸವನ್ನು ಮಾತ್ರ ಮಾಡುವುದಿಲ್ಲ. ಎರಡು ಬಿಂದು ಸಿಕ್ಕ ಮೇಲೆ ಜೀರೊ ಎಷ್ಟು, ಸ್ಪ್ಯಾನ್ ಎಷ್ಟು ಎಂಬುದು ಹೈಸ್ಕೂಲಿನ ಲೆಕ್ಕ. ಸ್ಪ್ಯಾನ್ 0.8ಕ್ಕಿಂತ ಕೆಳಗೆ ಅಥವಾ 1.2ಕ್ಕಿಂತ ಮೇಲೆ ಬಂದರೆ ಆ ಸೆನ್ಸರನ್ನು ತಿದ್ದಲು ಹೋಗುವುದಿಲ್ಲ, ಅದು ಕೂತಿರುವ ಜಾಗವೇ ಸರಿಯಿಲ್ಲವೆಂದು ತಿಳಿಯುತ್ತೇನೆ.

ಇಷ್ಟೆಲ್ಲ ಮಾಡುವ ಮೊದಲು ಗ್ಲುಕೋಮೀಟರನ್ನೇ ಪರೀಕ್ಷಿಸಬೇಕು. ಐಎಸ್‌ಒ 15197 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮೀಟರಿನ ನೂರು ಅಂಕಿಗಳಲ್ಲಿ 95, ಪ್ರಯೋಗಾಲಯದ ಅಂಕಿಗಿಂತ ಶೇಕಡಾ 15ರೊಳಗೆ (100ಕ್ಕಿಂತ ಕೆಳಗಾದರೆ 15 ಮಿಲಿಗ್ರಾಂ ಒಳಗೆ) ಇದ್ದರೆ ಸಾಕು. ಅಂದರೆ ನನ್ನ ಕೈಯಲ್ಲಿರುವ ತೂಕದ ಬಟ್ಟಿನಲ್ಲೇ ಅಷ್ಟು ಸಡಿಲವಿದೆ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ರಕ್ತ ಕೊಡುವಾಗಲೇ ಪಕ್ಕದಲ್ಲಿ ಕುಳಿತು ಬೆರಳು ಚುಚ್ಚಿ, ನನ್ನ ಮೀಟರ್ ಐದಾರು ಅಂಕಿ ಹೆಚ್ಚು ತೋರಿಸುತ್ತದೆ ಎಂದು ಕಂಡುಕೊಂಡೆ. ಊಟದ ನಂತರದ ಲ್ಯಾಬ್ ಅಂಕಿಯನ್ನು ಇದಕ್ಕೆ ಬಳಸಬಾರದು, ಏಕೆಂದರೆ ಆಗ ಬೆರಳಿನ ರಕ್ತದಲ್ಲಿ ಸಕ್ಕರೆ, ಲ್ಯಾಬಿನವರು ತೆಗೆಯುವ ಸಿರೆಯ ರಕ್ತದಲ್ಲಿರುವುದಕ್ಕಿಂತ ಹೆಚ್ಚೇ ಇರುತ್ತದೆ. ಪ್ರತಿ ಬಿಂದುವಿಗೂ ಎರಡು ಸ್ಟ್ರಿಪ್ ಬಳಸುತ್ತೇನೆ, ಎರಡರ ನಡುವೆ ಹತ್ತಕ್ಕಿಂತ ಹೆಚ್ಚು ಅಂತರವಿದ್ದರೆ ಮೂರನೆಯದು. ಕೈ ತೊಳೆಯುವುದು ಎಲ್ಲರಿಗೂ ಗೊತ್ತಿರುವ ವಿಷಯವಾದರೂ ಹೇಳುತ್ತೇನೆ: ಮಾವಿನಹಣ್ಣು ಹೆಚ್ಚಿದ ಕೈಯಲ್ಲಿ ನೋಡಿದಾಗ 260 ಇದ್ದದ್ದು ಸೋಪು ಹಾಕಿ ತೊಳೆದ ಮೇಲೆ 140 ಆಯಿತು.

ರಾತ್ರಿಯ ಸುಳ್ಳು ಲೋ ಬೇರೆಯದೇ ಸಮಸ್ಯೆ, ಕ್ಯಾಲಿಬ್ರೇಷನ್ನಿಗೂ ಅದಕ್ಕೂ ಸಂಬಂಧವಿಲ್ಲ. ಸೆನ್ಸರ್ ಇರುವ ಮಗ್ಗುಲಿಗೆ ಮಲಗಿದರೆ ಒತ್ತಡಕ್ಕೆ ಅಲ್ಲಿನ ದ್ರವದ ಓಡಾಟ ಕುಗ್ಗಿ ಅಂಕಿ ಕುಸಿಯುತ್ತದೆ. ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ 55 ಎಂದು ಅಲಾರಂ ಬಡಿಯಿತು. ಮನೆಯವರು ಸಕ್ಕರೆ ನೀರು ಕಲಸಿ ತರುವಷ್ಟರಲ್ಲಿ ಬೆರಳು ಚುಚ್ಚಿ ನೋಡಿದರೆ 112. ಗ್ರಾಫಿನಲ್ಲಿ ಇಂಥ ಕುಸಿತ ನೆಟ್ಟಗೆ ಇಳಿದು, ಮಗ್ಗುಲು ಬದಲಿಸಿದ ಮೇಲೆ ನೆಟ್ಟಗೆ ಏರುತ್ತದೆ. ನಿಜವಾದ ಲೋ ಇಳಿಜಾರಾಗಿ ಬರುತ್ತದೆ. ತೋಳಿನ ಯಾವ ಜಾಗದಲ್ಲಿ ಅಂಟಿಸಿದರೆ ಈ ಕಾಟ ತಪ್ಪುತ್ತದೆ, ಏಪ್ರಿಲ್ ಬೆವರಿನಲ್ಲೂ ಅಂಟು ಬಿಡದಂತೆ ಏನು ಮಾಡಬೇಕು ಎಂಬುದನ್ನು ಬಹಳ ಸೆನ್ಸರ್ ಹಾಳಾದ ಮೇಲೆ ಕಂಡುಕೊಂಡಿದ್ದೇನೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ನಡುವೆ ಬೇರೆ ಪರೀಕ್ಷೆಗಳೂ ನಡೆದವು. ವಿಟಮಿನ್ ಸಿ ಹೆಚ್ಚಾದರೆ ಕೆಲವು ಸೆನ್ಸರ್‌ಗಳು ಸುಳ್ಳು ಏರಿಕೆ ತೋರಿಸುತ್ತವೆ ಎಂಬ ಎಚ್ಚರಿಕೆ ಕೈಪಿಡಿಯಲ್ಲೇ ಇದೆ. ಆಸ್ಕಾರ್ಬಿಕ್ ಆಮ್ಲ ಎಲೆಕ್ಟ್ರೋಡಿನ ಮೇಲೆ ತಾನೂ ಉತ್ಕರ್ಷಣಗೊಂಡು ಕರೆಂಟ್ ಕೊಡುತ್ತದೆ, ಯಂತ್ರ ಅದನ್ನೂ ಗ್ಲೂಕೋಸ್ ಎಂದೇ ಎಣಿಸುತ್ತದೆ. 500 ಮಿಲಿಗ್ರಾಂನ ಎರಡು ಮಾತ್ರೆ ಒಟ್ಟಿಗೆ ಚೀಪಿದ ದಿನ ಬೆರಳಿನ ಅಂಕಿ ಅಲ್ಲೇ ಇದ್ದರೂ ಸೆನ್ಸರ್ ಕೆಲವು ಗಂಟೆ ಇಪ್ಪತ್ತಕ್ಕೂ ಮೇಲೆ ನಿಂತಿತ್ತು. ನೆಲ್ಲಿಕಾಯಿಯಿಂದ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ, ಆದರೆ ಊಟದ ಜೊತೆ ತಿಂದಿದ್ದರಿಂದ ಆ ಪರೀಕ್ಷೆಗೆ ಬೆಲೆಯಿಲ್ಲ. ಎರಡು ತೋಳಿಗೂ ಒಂದೊಂದು ಸೆನ್ಸರ್ ಹಾಕಿ ಪೂರ್ತಿ ಅವಧಿ ನೋಡಿದ್ದು ಎಲ್ಲಕ್ಕಿಂತ ದುಬಾರಿ ಪರೀಕ್ಷೆ. ಒಂದೇ ಅಂಗಡಿಯಿಂದ ಒಂದೇ ದಿನ ತಂದ ಅವುಗಳ ನಡುವೆ ಇಪ್ಪತ್ತು, ಕೆಲವೊಮ್ಮೆ ಮೂವತ್ತು ಅಂತರವಿತ್ತು. ಬೇರೆ ಬೇರೆ ಜೀರೊ, ಸ್ಪ್ಯಾನ್ ಕೊಟ್ಟು ತಿದ್ದಿದ ಮೇಲೆ ಎರಡು ಗೆರೆಗಳೂ ಬಹುಪಾಲು ಒಂದರ ಮೇಲೊಂದು ಕೂತವು. ವೈದ್ಯರು ನಗುವುದನ್ನು ನಿಲ್ಲಿಸಿದ್ದು ಆ ಗ್ರಾಫ್ ನೋಡಿದ ಮೇಲೆ.

ಲ್ಯಾಬಿನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಸೂಚಿಸುವ ರಕ್ತಪರೀಕ್ಷೆ) ಕೂಡ ನನ್ನ ಪರವಾಗಿಯೇ ಬಂತು. ತಿದ್ದದಿದ್ದಾಗ ಸೆನ್ಸರಿನ ಸರಾಸರಿ 125ರ ಸುಮಾರು, ಅದರಿಂದ ಬರುವ ಜಿಎಂಐ (ಸೆನ್ಸರಿನ ಸರಾಸರಿಯಿಂದ ಅಂದಾಜಿಸಿದ ಎಚ್‌ಬಿಎ1ಸಿ) 6.3, ಲ್ಯಾಬಿನದು 7.1. ತಿದ್ದತೊಡಗಿದ ಮೇಲಿನ ಮೂರು ತಿಂಗಳಲ್ಲಿ ಸರಾಸರಿ 150, ಜಿಎಂಐ 6.9, ಲ್ಯಾಬಿನದು 7.0. ನನ್ನ ಹಿಮೋಗ್ಲೋಬಿನ್ ಸರಿಯಿದೆ. ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿಯೇ ದಾರಿ ತಪ್ಪಿಸುವುದರಿಂದ ಅವರು ಈ ಹೋಲಿಕೆಯನ್ನು ನೆಚ್ಚಬಾರದು. ಸಮವಾಗಿರುವ ಹೊತ್ತಿನಲ್ಲಿ ಬೆರಳಿಗೂ ಸೆನ್ಸರಿಗೂ ಮೊದಲಿದ್ದ 25ರ ಅಂತರ ಈಗ ಹತ್ತು ಹನ್ನೆರಡರೊಳಗೆ ಬಂದಿದೆ. ಒಂದು ಸೆನ್ಸರಿಗೆ ತಗಲುವ ಸ್ಟ್ರಿಪ್ ಖರ್ಚು ಇನ್ನೂರೈವತ್ತು ಮುನ್ನೂರು ರೂಪಾಯಿ ಇರಬಹುದು. ಕಿತ್ತೆಸೆಯುವುದು ಬಹುತೇಕ ನಿಂತಿದೆ.

ನಾನು ಪೆನ್ನಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವನು; ಸೆನ್ಸರಿನ ಅಂಕಿ ನೋಡಿ ತಾನೇ ಇನ್ಸುಲಿನ್ ಬಿಡುವ ಪಂಪ್ ಇರುವವರು ಇದಕ್ಕೆ ಕೈ ಹಾಕಬಾರದು. 70ರ ಕೆಳಗಿನ ಅಂಕಿಗೂ, ಅಂಕಿ ಒಂದು ಹೇಳಿ ಮೈ ಇನ್ನೊಂದು ಹೇಳುವ ಹೊತ್ತಿಗೂ ನನ್ನ ತಿದ್ದುಪಡಿ ಅನ್ವಯಿಸುವುದಿಲ್ಲ, ಅಲ್ಲಿ ಬೆರಳಿನದೇ ತೀರ್ಮಾನ. ಎಂಟನೇ ದಿನದ ಸುಮಾರಿಗೆ ಜೀರೊ ಮತ್ತೊಮ್ಮೆ ನೋಡುತ್ತೇನೆ. ಹನ್ನೆರಡನೇ ದಿನದಿಂದ ಕೆಲವು ಸೆನ್ಸರ್‌ಗಳು ಜಾರತೊಡಗುತ್ತವೆ, ಆಗ ಬೋಲಸ್ಸಿಗೆ ಮುಂಚೆ ಒಂದು ಸ್ಟ್ರಿಪ್ ಖರ್ಚು ಮಾಡುತ್ತೇನೆ.